ಪ್ರಾಜೆಕ್ಟ್ ಒಂದು, ಟೂಲ್ ಆವೃತ್ತಿ ಹಲವು: ಹೊಂದಾಣಿಕೆ ಕೆಡದಂತೆ ಕೆಲಸ ಮಾಡುವ ಕ್ರಮ

ಹಳೆಯ ಪ್ರಾಜೆಕ್ಟ್ ಹೊಸ ಆವೃತ್ತಿಯ ಟೂಲ್‌ನಲ್ಲಿ ತೆರೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ, ಏಕೆಂದರೆ ಅದರೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿರುತ್ತವೆ. ಕೋಡ್ ಬರೆಯುವ ಐಡಿಇ ಯಾವ ಆವೃತ್ತಿಯದು, ಪ್ರಾಜೆಕ್ಟ್ ಫೈಲ್ ಯಾವ ಸ್ವರೂಪದಲ್ಲಿದೆ, ಕೋಡನ್ನು ಕಂಪೈಲ್ ಮಾಡುವ ಟೂಲ್‌ಸೆಟ್ ಯಾವುದು, ಸಿದ್ಧವಾದ ಪ್ರೋಗ್ರಾಂ ಕೊನೆಗೆ ಯಾವ ರನ್‌ಟೈಮ್ ಮೇಲೆ ಓಡಬೇಕು ಎಂಬ ಈ ನಾಲ್ಕಕ್ಕೂ ಅದರದರದೇ ಆವೃತ್ತಿ ಸಂಖ್ಯೆ ಇರುತ್ತದೆ, ಮತ್ತು ಇವುಗಳಲ್ಲಿ ಒಂದನ್ನು ಏರಿಸಿದಾಗ ಉಳಿದವು ಏರಲೇಬೇಕೆಂಬ ನಿಯಮವಿಲ್ಲ. ಐಡಿಇ ಹೊಸದಾಯಿತೆಂದು ಯಾರೋ ಒಬ್ಬರು ಪ್ರಾಜೆಕ್ಟನ್ನು ತೆರೆಯುತ್ತಾರೆ, ಎದುರಿಗೆ ಬಂದ ಸಂವಾದ ಪೆಟ್ಟಿಗೆಯಲ್ಲಿ ‘ಓಕೆ’ ಒತ್ತುತ್ತಾರೆ, ಅದರೊಂದಿಗೆ ಟೂಲ್‌ಸೆಟ್ಟೂ ಬದಲಾಗುತ್ತದೆ, ಮರುದಿನ ತಂಡದ ಉಳಿದವರ ಯಂತ್ರಗಳಲ್ಲಿ ಬಿಲ್ಡ್ ನಿಲ್ಲುತ್ತದೆ. ಈ ಮಾರ್ಗದರ್ಶಿಯ ಕ್ರಮವೆಲ್ಲ ನಿಂತಿರುವುದು ಎರಡು ಅಭ್ಯಾಸಗಳ ಮೇಲೆ: ಒಮ್ಮೆಗೆ ಒಂದೇ ಪದರದ ಆವೃತ್ತಿಯನ್ನು ಬದಲಿಸುವುದು ಮತ್ತು ಯಾವ ಪದರಕ್ಕೆ ಯಾವ ಆವೃತ್ತಿ ಬೇಕೆಂಬುದನ್ನು ರೆಪಾಸಿಟರಿಯೊಳಗೇ, ಅಂದರೆ ತಂಡದ ಕೋಡ್ ಇರುವ ಸಂಗ್ರಹದಲ್ಲೇ, ಬರೆದಿಡುವುದು.

ತೆರೆಯುವ ಮುನ್ನ

ಪ್ರಾಜೆಕ್ಟ್ ಫೈಲನ್ನು ಮೊದಲು ಐಡಿಇಯಲ್ಲಿ ತೆರೆಯಬೇಡಿ, ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಓದಿ. ಇಂದು ಬಳಕೆಯಲ್ಲಿರುವ ಹೆಚ್ಚಿನ ಪ್ರಾಜೆಕ್ಟ್ ಫೈಲ್‌ಗಳು ಎಕ್ಸ್‌ಎಂಎಲ್, ಜೇಸನ್ ಅಥವಾ ಸರಳ ಪಠ್ಯದ ರೂಪದಲ್ಲಿರುವುದರಿಂದ, ಯಾವ ಟೂಲ್‌ಸೆಟ್ ಮತ್ತು ಯಾವ ಗುರಿ ಆವೃತ್ತಿ (ಪ್ರೋಗ್ರಾಂ ಓಡಬೇಕಾದ ರನ್‌ಟೈಮ್) ಎಂಬುದು ಕಣ್ಣಿಗೇ ಕಾಣುತ್ತದೆ. ಬಳಿಕ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಆಗದ (ದಾಖಲಾಗದ) ಬದಲಾವಣೆ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ಬ್ರಾಂಚ್ ಮಾಡಿ, ಅದರಲ್ಲಿ ಪ್ರಾಜೆಕ್ಟನ್ನು ಹೊಸ ಐಡಿಇಯಲ್ಲಿ ತೆರೆಯಿರಿ. ತೆರೆದೊಡನೆ ಬಿಲ್ಡ್ ಮಾಡುವ ಆತುರ ಬೇಡ. ಫೈಲನ್ನು ಸೇವ್ ಮಾಡಿ ಐಡಿಇಯನ್ನು ಮುಚ್ಚಿ, ಗಿಟ್‌ನ ಡಿಫ್ ಏನು ತೋರಿಸುತ್ತದೆ ಎಂದು ನೋಡಿ. ಹೊಸ ಟೂಲ್ ನಿಮಗೆ ಹೇಳಿ ಮಾಡಿದ್ದೂ ಹೇಳದೆ ಮಾಡಿದ್ದೂ ಅಲ್ಲಿ ಸಾಲುಸಾಲಾಗಿ ಕಾಣಿಸುತ್ತದೆ. ಬದಲಾದದ್ದು ಬರೀ ಐಡಿಇಯ ಆವೃತ್ತಿ ನಮೂದಿಸುವ ಸಾಲಾದರೆ ಅದನ್ನು ಹಿಂದಕ್ಕೆ ತೆಗೆದುಕೊಂಡುಬಿಡಬಹುದು. ಟೂಲ್‌ಸೆಟ್ ಅಥವಾ ಗುರಿ ಬದಲಾಗಿದ್ದರೆ ಅದು ಇಡೀ ತಂಡ ಕೂತು ನಿರ್ಧರಿಸಬೇಕಾದ ವಿಷಯ.

ಇನ್ನೊಂದು ಸಣ್ಣ ಎಚ್ಚರಿಕೆಯೂ ಇದೆ. ಹಳೆಯ ಬಿಲ್ಡ್ ಉಳಿಸಿಹೋದ ಮಧ್ಯಂತರ ಫೈಲ್‌ಗಳು, ಅಂದರೆ ವಿಷುಯಲ್ ಸ್ಟುಡಿಯೊದ ‘ಬಿನ್’, ‘ಓಬಿಜೆ’, ‘ಡಾಟ್ ವಿಎಸ್’ ಫೋಲ್ಡರ್‌ಗಳಾಗಲಿ ಜಾವಾ ಪ್ರಾಜೆಕ್ಟ್‌ಗಳ ಬಿಲ್ಡ್ ಟೂಲಾದ ಗ್ರೇಡಲ್‌ನ ‘ಬಿಲ್ಡ್’ ಫೋಲ್ಡರ್ ಆಗಲಿ, ಹೊಸ ಟೂಲ್‌ಗೆ ಗೊಂದಲ ಉಂಟುಮಾಡಿ ಇಲ್ಲದ ದೋಷವನ್ನು ತೋರಿಸಬಲ್ಲವು. ಹೊಂದಾಣಿಕೆಯ ಯಾವುದೇ ಪರೀಕ್ಷೆಯನ್ನು ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲೇ ನಡೆಸುವುದು ಒಳ್ಳೆಯದು.

ವಿಷುಯಲ್ ಸ್ಟುಡಿಯೊ ಮತ್ತು ಸಿ++

ಆವೃತ್ತಿಗಳ ನಡುವಿನ ತೊಡಕುಗಳೆಲ್ಲ ಒಂದೇ ಕಡೆ ಕಾಣಸಿಗುವುದು ವಿಷುಯಲ್ ಸ್ಟುಡಿಯೊದ ಸಿ++ ಪ್ರಾಜೆಕ್ಟ್‌ಗಳಲ್ಲಿ. 2008ರ ಆವೃತ್ತಿಯವರೆಗೆ ಸಿ++ ಪ್ರಾಜೆಕ್ಟ್ ಫೈಲ್‌ಗೆ ‘ವಿಸಿಪ್ರೊಜ್’ ಎಂಬ ವಿಸ್ತರಣೆಯಿತ್ತು. 2010ರಲ್ಲಿ ಅದು ಮೈಕ್ರೋಸಾಫ್ಟ್‌ನ ಬಿಲ್ಡ್ ವ್ಯವಸ್ಥೆಯಾದ ಎಂಎಸ್‌ಬಿಲ್ಡ್ ಆಧಾರಿತ ‘ವಿಸಿಎಕ್ಸ್‌ಪ್ರೊಜ್’ ಆಯಿತು. ಈ ಪರಿವರ್ತನೆ ಏಕಮುಖವಾದದ್ದು: ಹಳೆಯದನ್ನು ಹೊಸ ಸ್ವರೂಪಕ್ಕೆ ತರಬಹುದೇ ಹೊರತು, ಹೊಸದನ್ನು 2008ರಲ್ಲಿ ತೆರೆಯಲು ಬರುವುದಿಲ್ಲ. ಆದ್ದರಿಂದ ಅಷ್ಟು ಹಳೆಯ ಪ್ರಾಜೆಕ್ಟ್ ಕೈಗೆ ಬಂದರೆ ಮೂಲ ಪ್ರತಿಗೆ ಒಂದು ಟ್ಯಾಗ್ ಹಾಕಿಟ್ಟುಕೊಂಡು, ಪರಿವರ್ತನೆಯನ್ನು ಪ್ರತ್ಯೇಕ ಕಮಿಟ್ ಆಗಿ ದಾಖಲಿಸಿ.

ಅದರ ನಂತರದ ಆವೃತ್ತಿಗಳಲ್ಲಿ ಸ್ಥಿತಿ ಸುಧಾರಿಸಿದೆ, ಆದರೆ ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟುಗೂಡಿಸುವ ಸೊಲ್ಯೂಶನ್ ಫೈಲ್‌ನ ಮೇಲ್ಭಾಗದ ಸಂಖ್ಯೆಗಳನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಅಲ್ಲಿ ‘ಫಾರ್ಮ್ಯಾಟ್ ವರ್ಶನ್ 12.00’ ಎಂದಿರುವುದು 2012ರ ಆವೃತ್ತಿಯಿಂದ ಬಂದದ್ದು, 2022ರ ಆವೃತ್ತಿಯೂ ಅದನ್ನೇ ಬರೆಯುತ್ತದೆ. ‘ಮಿನಿಮಮ್’ ಎಂದು ಆರಂಭವಾಗುವ ಸಾಲಿನಲ್ಲಿ ಕಾಣುವ 10.0.40219.1 ಎಂಬುದು 2010ರ ಮೊದಲ ಸರ್ವಿಸ್ ಪ್ಯಾಕ್‌ನ ಸಂಖ್ಯೆ. ಅದು ಹಾಗೆ ಬರೆದಿದೆ ಎಂದ ಮಾತ್ರಕ್ಕೆ ಪ್ರಾಜೆಕ್ಟ್ 2010ರಲ್ಲಿ ಬಿಲ್ಡ್ ಆಗುತ್ತದೆ ಎಂದೇನೂ ಅಲ್ಲ. ನಿಜವಾಗಿ ನೋಡಬೇಕಾದದ್ದು ವಿಸಿಎಕ್ಸ್‌ಪ್ರೊಜ್ ಫೈಲ್‌ನೊಳಗಿನ ‘ಪ್ಲಾಟ್‌ಫಾರ್ಮ್ ಟೂಲ್‌ಸೆಟ್’ ಎಂಬ ಸಾಲು. ಅದು ವಿ120 ಆಗಿದ್ದರೆ 2013ರ ಕಂಪೈಲರ್, ವಿ140 ಆಗಿದ್ದರೆ 2015ರದು, ವಿ141 ಎಂದರೆ 2017, ವಿ142 ಎಂದರೆ 2019, ವಿ143 ಎಂದರೆ 2022.

ಹಳೆಯ ಪ್ರಾಜೆಕ್ಟನ್ನು ಹೊಸ ಐಡಿಇಯಲ್ಲಿ ತೆರೆದಾಗ ‘ರೀಟಾರ್ಗೆಟ್ ಪ್ರಾಜೆಕ್ಟ್ಸ್’ ಎಂಬ ಪೆಟ್ಟಿಗೆ ಎದುರಾಗಬಹುದು. ಅದರಲ್ಲಿ ವಿಂಡೋಸ್ ಎಸ್‌ಡಿಕೆಗೆ (ಪ್ರೋಗ್ರಾಂ ತಯಾರಿಸಲು ಬೇಕಾದ ಲೈಬ್ರರಿ ಮತ್ತು ಸಾಧನಗಳ ಕಟ್ಟು) ಒಂದು, ಟೂಲ್‌ಸೆಟ್‌ಗೆ ಒಂದು ಎಂದು ಆಯ್ಕೆಗಳಿರುತ್ತವೆ, ಎರಡನ್ನೂ ‘ನೋ ಅಪ್‌ಗ್ರೇಡ್’ ಎಂದು ಇಟ್ಟುಕೊಳ್ಳಲು ಅವಕಾಶವಿರುತ್ತದೆ. ನನ್ನ ಸಲಹೆಯಂತೂ ಮೊದಲ ಬಾರಿ ತೆರೆಯುವಾಗ ಅದನ್ನೇ ಆರಿಸುವುದು, ಏಕೆಂದರೆ ಟೂಲ್‌ಸೆಟ್ ಬದಲಿಸಲೇಬೇಕೆಂದಾದರೆ ಸೊಲ್ಯೂಶನ್ ಮೇಲೆ ಬಲ ಕ್ಲಿಕ್ ಮಾಡಿ ಅದೇ ಪೆಟ್ಟಿಗೆಯನ್ನು ಬೇಕಾದಾಗ ಮತ್ತೆ ತೆರೆಯಬಹುದು. ಹೀಗೆ ಹಳೆಯ ಟೂಲ್‌ಸೆಟ್ಟನ್ನು ಉಳಿಸಿಕೊಂಡಾಗ ಎಂಎಸ್‌ಬಿ8020 ಎಂಬ ದೋಷ ಬರಬಹುದು. ಪ್ರಾಜೆಕ್ಟ್ ಕೇಳಿದ ಟೂಲ್‌ಸೆಟ್ ನಿಮ್ಮ ಯಂತ್ರದಲ್ಲಿ ಇಲ್ಲವೆಂಬುದಷ್ಟೇ ಅದರ ಅರ್ಥ. ಎಂಎಸ್‌ಬಿ8036 ಬಂದರೆ ಇಲ್ಲದಿರುವುದು ವಿಂಡೋಸ್ ಎಸ್‌ಡಿಕೆ. ಇಂಥ ಸಂದರ್ಭದಲ್ಲಿ ಹಲವರು ಪ್ರಾಜೆಕ್ಟ್ ಫೈಲನ್ನು ತಿದ್ದಿ ದೋಷವನ್ನು ಹೋಗಲಾಡಿಸುತ್ತಾರೆ, ಅದು ತಪ್ಪು ದಾರಿ. ವಿಷುಯಲ್ ಸ್ಟುಡಿಯೊ ಇನ್‌ಸ್ಟಾಲರ್ ತೆರೆದು ‘ಇಂಡಿವಿಜುವಲ್ ಕಾಂಪೊನೆಂಟ್ಸ್’ ಪಟ್ಟಿಯಲ್ಲಿ ಆ ಟೂಲ್‌ಸೆಟ್ಟನ್ನು ಗುರುತುಹಾಕಿ ಸೇರಿಸಿಕೊಳ್ಳಿ. 2022ರ ಇನ್‌ಸ್ಟಾಲರ್‌ನಲ್ಲಿ ವಿ140, ವಿ141, ವಿ142 ಮೂರೂ ಸಿಗುತ್ತವೆ. ವಿ120 ಅಥವಾ ಅದಕ್ಕಿಂತ ಹಳೆಯದು ಬೇಕಾದರೆ ಆಯಾ ಕಾಲದ ವಿಷುಯಲ್ ಸ್ಟುಡಿಯೊವನ್ನೇ ಪಕ್ಕದಲ್ಲಿ ಸ್ಥಾಪಿಸಿಕೊಳ್ಳಬೇಕು. ಆಗ ಹೊಸ ಐಡಿಇಯಲ್ಲಿ ಕೂತು ಹಳೆಯ ಕಂಪೈಲರ್‌ನಿಂದ ಬಿಲ್ಡ್ ಮಾಡಿಸಬಹುದು.

ಬೇರೆಯವರು ಕಂಪೈಲ್ ಮಾಡಿಕೊಟ್ಟ ಲೈಬ್ರರಿಗಳು ಪ್ರಾಜೆಕ್ಟ್‌ನಲ್ಲಿದ್ದರೆ ಲೆಕ್ಕ ಬೇರೆಯಾಗುತ್ತದೆ. 2013 ಮತ್ತು ಅದಕ್ಕಿಂತ ಹಿಂದಿನ ಕಂಪೈಲರ್‌ಗಳು ಒಂದರ ಆಬ್ಜೆಕ್ಟ್ ಫೈಲನ್ನು (ಕಂಪೈಲ್ ಆದ, ಇನ್ನೂ ಜೋಡಿಸದ ತುಣುಕನ್ನು) ಇನ್ನೊಂದರ ಜತೆ ಬೆರೆಸಲು ಬಿಡುತ್ತಿರಲಿಲ್ಲ. ಬೆರೆಸಿದರೆ ಎಲ್‌ಎನ್‌ಕೆ2038 ಎಂಬ ದೋಷದಲ್ಲಿ 1800 ಮತ್ತು 1900 ಎಂಬಂಥ ಎರಡು ಸಂಖ್ಯೆಗಳು ತಾಳೆಯಾಗುತ್ತಿಲ್ಲ ಎಂಬ ದೂರು ಬರುತ್ತದೆ. ಮೊದಲನೆಯದು 2013ರ ಕಂಪೈಲರ್‌ನ ಗುರುತು, ಎರಡನೆಯದು 2015ರದು. 2015ರಿಂದ ಈಚೆಗೆ, ವಿ140ರಿಂದ ವಿ143ರವರೆಗೆ, ಬೈನರಿ ಹೊಂದಾಣಿಕೆಯನ್ನು ಕಾಯ್ದುಕೊಳ್ಳಲಾಗಿದೆ. ಆದರೆ ಅದಕ್ಕೆ ಷರತ್ತುಗಳಿವೆ: ಬೆರೆಸಿದ ಭಾಗಗಳಲ್ಲಿ ಅತ್ಯಂತ ಹೊಸದು ಯಾವ ಟೂಲ್‌ಸೆಟ್‌ನಿಂದ ತಯಾರಾಗಿದೆಯೋ ಕನಿಷ್ಠ ಅಷ್ಟು ಹೊಸ ಲಿಂಕರ್‌ನಿಂದಲೇ ಕೊನೆಯ ಜೋಡಣೆ ನಡೆಯಬೇಕು, ಬಳಕೆದಾರರ ಯಂತ್ರದಲ್ಲಿರುವ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜ್ (ಪ್ರೋಗ್ರಾಂ ಓಡಲು ಬೇಕಾದ ಸಿ++ ಲೈಬ್ರರಿಗಳ ಕಟ್ಟು) ಕೂಡ ಅಷ್ಟೇ ಹೊಸದಾಗಿರಬೇಕು, ಮತ್ತು ‘ಜಿಎಲ್’ ಅಥವಾ ‘ಎಲ್‌ಟಿಸಿಜಿ’ ಎಂಬ, ಇಡೀ ಪ್ರೋಗ್ರಾಂಅನ್ನು ಒಟ್ಟಿಗೆ ಆಪ್ಟಿಮೈಸ್ ಮಾಡುವ ಆಯ್ಕೆ ಹಾಕಿ ತಯಾರಿಸಿದ ಲೈಬ್ರರಿಗಳಿಗೆ ಈ ಭರವಸೆ ಅನ್ವಯಿಸುವುದಿಲ್ಲ. ಕೊನೆಯ ಷರತ್ತನ್ನು ಮರೆಯುವವರು ಹೆಚ್ಚು. ಸ್ಟ್ಯಾಟಿಕ್ ಲೈಬ್ರರಿಯನ್ನು ಇತರ ತಂಡಗಳಿಗೆ ಹಂಚುವವರು ‘ಜಿಎಲ್’ ಅನ್ನು ಆರಿಸದೆಯೇ ಬಿಲ್ಡ್ ಮಾಡುವುದು ಕ್ಷೇಮ.

ಡಾಟ್‌ನೆಟ್ ಪ್ರಾಜೆಕ್ಟ್‌ಗಳ ವಿಷಯ ಇದಕ್ಕಿಂತ ಸರಳ. ಅಲ್ಲಿ ‘ಟಾರ್ಗೆಟ್ ಫ್ರೇಮ್‌ವರ್ಕ್’ ಎಂಬ ಸಾಲು ಗುರಿಯನ್ನು ಹೇಳುತ್ತದೆ, ರೆಪಾಸಿಟರಿಯ ಬೇರಿನಲ್ಲಿಡುವ ‘ಗ್ಲೋಬಲ್ ಡಾಟ್ ಜೇಸನ್’ ಎಂಬ ಫೈಲ್ ಎಸ್‌ಡಿಕೆಯನ್ನು ಹೇಳುತ್ತದೆ. ಎಸ್‌ಡಿಕೆ ಹೊಸದಿದ್ದು ಗುರಿ ಹಳೆಯದಾದರೆ ಕೆಲಸ ನಡೆಯುತ್ತದೆ, ತಿರುಗುಮುರುಗಾದರೆ ನೆಟ್‌ಎಸ್‌ಡಿಕೆ1045 ಎಂಬ ದೋಷ ಬರುತ್ತದೆ. ಐಡಿಇಯ ಆವೃತ್ತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಡಾಟ್‌ನೆಟ್ 6 ಗುರಿಯಾಗಿರುವ ಪ್ರಾಜೆಕ್ಟ್‌ಗೆ ವಿಷುಯಲ್ ಸ್ಟುಡಿಯೊ 2022 ಬೇಕು, ಡಾಟ್‌ನೆಟ್ 8ಕ್ಕೆ ಅದರದೇ 17.8ನೇ ಆವೃತ್ತಿ ಅಥವಾ ಮೇಲಿನದು ಬೇಕು. ಗ್ಲೋಬಲ್ ಡಾಟ್ ಜೇಸನ್‌ನಲ್ಲಿ ‘ರೋಲ್ ಫಾರ್ವರ್ಡ್’ ಎಂಬ ಆಯ್ಕೆಯನ್ನು ‘ಲೇಟೆಸ್ಟ್ ಫೀಚರ್’ ಎಂದು ಇಟ್ಟರೆ ಒಬ್ಬೊಬ್ಬರ ಯಂತ್ರದಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದ್ದರೂ ಬಿಲ್ಡ್ ನಿಲ್ಲುವುದಿಲ್ಲ. ಬಿಗಿ ಬೇಕಾದವರು ‘ಡಿಸೇಬಲ್’ ಎಂದು ಇಡಬಹುದು, ಆದರೆ ಆಗ ತಂಡದ ಪ್ರತಿಯೊಬ್ಬರೂ ಅದೇ ಎಸ್‌ಡಿಕೆಯನ್ನು ಹುಡುಕಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ.

ಜಾವಾ: ಒಂದೇ ಸಂಖ್ಯೆ, ಎರಡು ರೋಗ

ಜಾವಾದ ಪ್ರತಿ ಕ್ಲಾಸ್ ಫೈಲ್‌ನಲ್ಲೂ ಅದು ಯಾವ ಆವೃತ್ತಿಗಾಗಿ ತಯಾರಾಗಿದೆ ಎಂಬ ಮುದ್ರೆ ಇರುತ್ತದೆ. ಮೊದಲ ನಾಲ್ಕು ಬೈಟ್‌ಗಳು ಎಲ್ಲ ಕ್ಲಾಸ್ ಫೈಲ್‌ಗಳಿಗೂ ಸಮಾನ, ಮುಂದಿನ ಎರಡು ಉಪ ಆವೃತ್ತಿಯವು, ಏಳನೆಯ ಮತ್ತು ಎಂಟನೆಯ ಬೈಟ್ ಸೇರಿ ಮುಖ್ಯ ಆವೃತ್ತಿಯನ್ನು ಹೇಳುತ್ತವೆ. ಹೆಕ್ಸ್ ಎಡಿಟರಿನಲ್ಲಿ ಅಲ್ಲಿ 00 34 ಎಂದು ಕಂಡರೆ ದಶಮಾನದಲ್ಲಿ ಅದು 52, ಅಂದರೆ ಜಾವಾ 8. ಈ ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 55 ಎಂದರೆ 11, 61 ಎಂದರೆ 17, 65 ಎಂದರೆ 21. ಹೆಕ್ಸ್ ಎಡಿಟರ್ ಬೇಡವೆನ್ನುವವರು ‘ಜಾವಾಪಿ’ ಆದೇಶವನ್ನು ವಿವರವಾದ ಔಟ್‌ಪುಟ್ ಕೇಳಿ ಓಡಿಸಿದರೆ ಅದೇ ಮಾಹಿತಿ ಸಿಗುತ್ತದೆ.

ಈ ಸಂಖ್ಯೆ ಎರಡು ಬಗೆಯ ದೋಷ ಸಂದೇಶಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಎರಡರ ಚಿಕಿತ್ಸೆಯೂ ಬೇರೆ. ಕ್ಲಾಸ್ ಫೈಲ್ 61.0 ಆವೃತ್ತಿಯದು, ಈ ರನ್‌ಟೈಮ್ 52.0ರವರೆಗೆ ಮಾತ್ರ ಗುರುತಿಸುತ್ತದೆ ಎಂದು ಹೇಳುವ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್ ಎರರ್’ ಬಂದರೆ, ಜಾವಾ 17ಕ್ಕೆಂದು ತಯಾರಾದ ಕೋಡನ್ನು ಜಾವಾ 8ರ ಮೇಲೆ ಓಡಿಸುತ್ತಿದ್ದೀರಿ. ರನ್‌ಟೈಮನ್ನು ಏರಿಸಬೇಕು ಇಲ್ಲವೇ ಕಂಪೈಲ್ ಗುರಿಯನ್ನು ಇಳಿಸಬೇಕು. ಬಿಲ್ಡ್ ಆರಂಭವಾಗುತ್ತಲೇ ಗ್ರೇಡಲ್ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಶನ್ 61’ ಎಂದರೆ, ಗ್ರೇಡಲ್ ಹಳೆಯದಾಗಿದ್ದು ಅದಕ್ಕೆ ಜಾವಾ 17ನ್ನು ಓದಲು ಬರುವುದಿಲ್ಲ. ಇಲ್ಲಿ ಏರಿಸಬೇಕಾದದ್ದು ಗ್ರೇಡಲ್. ಜಾವಾ 17ರ ಮೇಲೆ ಓಡಲು ಕನಿಷ್ಠ ಗ್ರೇಡಲ್ 7.3, ಜಾವಾ 21ರ ಮೇಲೆ ಓಡಲು 8.5 ಬೇಕು. ಎರಡು ಸಂದೇಶಗಳನ್ನೂ ಒಂದೆಂದು ಭಾವಿಸಿ ತಪ್ಪು ತುದಿಯನ್ನು ಎಳೆಯುತ್ತ ಕೂರುವವರು ಕಡಿಮೆಯಲ್ಲ.

ಹೊಸ ಜೆಡಿಕೆಯಿಂದ (ಜಾವಾ ಕಂಪೈಲರ್ ಇರುವ ಕಟ್ಟು) ಹಳೆಯ ಜಾವಾಕ್ಕೆ ಕಂಪೈಲ್ ಮಾಡುವಾಗ ಇರುವ ಬಲೆಯೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ‘ಸೋರ್ಸ್’ ಮತ್ತು ‘ಟಾರ್ಗೆಟ್’ ಎಂಬ ಹಳೆಯ ಆಯ್ಕೆಗಳಿಗೆ 8 ಎಂದು ಕೊಟ್ಟರೆ ಭಾಷೆಯ ನಿಯಮ ಮತ್ತು ಕ್ಲಾಸ್ ಫೈಲ್‌ನ ಮುದ್ರೆ ಮಾತ್ರ 8ಕ್ಕೆ ಇಳಿಯುತ್ತವೆ, ಕಂಪೈಲರ್ ನೋಡುವ ಸಿದ್ಧ ಲೈಬ್ರರಿ ಹೊಸ ಜೆಡಿಕೆಯದೇ ಆಗಿರುತ್ತದೆ. ಜಾವಾ 8ರಲ್ಲಿ ‘ಬೈಟ್‌ಬಫರ್’ ಎಂಬ ಕ್ಲಾಸ್‌ಗೆ ತನ್ನದೇ ಆದ ‘ಫ್ಲಿಪ್’ ಮೆಥಡ್ ಇರಲಿಲ್ಲ; ಮೂಲ ಕ್ಲಾಸಾದ ‘ಬಫರ್’ನಿಂದ ಬಂದದ್ದನ್ನೇ ಅದು ಬಳಸುತ್ತಿತ್ತು. ಜಾವಾ 9ರಲ್ಲಿ ಬೈಟ್‌ಬಫರ್‌ಗೆ ತನ್ನದೇ ಫ್ಲಿಪ್ ಬಂತು, ಅದು ಹಿಂತಿರುಗಿಸುವುದೂ ಬೈಟ್‌ಬಫರನ್ನೇ. ಹೊಸ ಜೆಡಿಕೆಯ ಕಂಪೈಲರ್ ನಿಮ್ಮ ಕೋಡ್‌ನ ಕರೆಯನ್ನು ಈ ಹೊಸ ಮೆಥಡ್‌ಗೆ ಬೆಸೆದುಬಿಡುತ್ತದೆ. ಬಿಲ್ಡ್ ಯಶಸ್ವಿಯಾಗುತ್ತದೆ, ಮುದ್ರೆ 52 ಎಂದೇ ಇರುತ್ತದೆ, ಪ್ರೋಗ್ರಾಂ ಜಾವಾ 8ರ ಮೇಲೆ ಆರಂಭವೂ ಆಗುತ್ತದೆ, ಆ ಸಾಲಿಗೆ ಬಂದಾಗ ಮಾತ್ರ ‘ನೋ ಸಚ್ ಮೆಥಡ್ ಎರರ್’ ಎಂದು ಕುಸಿಯುತ್ತದೆ. ಇದನ್ನು ತಪ್ಪಿಸಲೆಂದೇ ಜೆಡಿಕೆ 9ರಲ್ಲಿ ‘ರಿಲೀಸ್’ ಎಂಬ ಆಯ್ಕೆ ಸೇರಿತು. ಅದಕ್ಕೆ 8 ಎಂದು ಕೊಟ್ಟರೆ ಕಂಪೈಲರ್ ಜಾವಾ 8ರಲ್ಲಿ ಇದ್ದ ಕ್ಲಾಸ್ ಮತ್ತು ಮೆಥಡ್‌ಗಳನ್ನು ಮಾತ್ರ ನೋಡುತ್ತದೆ. ಆದ್ದರಿಂದ ಬಿಲ್ಡ್ ಟೂಲ್ ಮೇವನ್ ಆಗಲಿ ಗ್ರೇಡಲ್ ಆಗಲಿ, ಸೋರ್ಸ್ ಮತ್ತು ಟಾರ್ಗೆಟ್ ಸಾಲುಗಳನ್ನು ತೆಗೆದು ರಿಲೀಸ್ ಒಂದನ್ನೇ ಬರೆಯಿರಿ. ಈ ಇಳಿಕೆಗೂ ಒಂದು ತಳವಿದೆ: ಜೆಡಿಕೆ 12ರಿಂದ 6ಕ್ಕೆ, 20ರಿಂದ 7ಕ್ಕೆ ಕಂಪೈಲ್ ಮಾಡಲು ಬರುವುದಿಲ್ಲ.

ಗ್ರೇಡಲ್ ಬಳಸುವವರು, ಪ್ರಾಜೆಕ್ಟ್‌ಗೆ ಬೇಕಾದ ಗ್ರೇಡಲ್ ಆವೃತ್ತಿಯನ್ನೇ ತರಿಸಿ ಓಡಿಸುವ ಗ್ರೇಡಲ್ ರ‍್ಯಾಪರ್‌ನ ಫೈಲ್‌ಗಳನ್ನು, ಅದರ ಸಣ್ಣ ಜಾರ್ ಫೈಲೂ ಸೇರಿದಂತೆ, ರೆಪಾಸಿಟರಿಗೆ ಕಮಿಟ್ ಮಾಡಬೇಕು, ಮತ್ತು ಯಂತ್ರದಲ್ಲಿ ಸ್ಥಾಪಿಸಿದ ಗ್ರೇಡಲ್‌ನಿಂದ ಎಂದೂ ಬಿಲ್ಡ್ ಮಾಡಬಾರದು. ಆಂಡ್ರಾಯ್ಡ್ ಪ್ರಾಜೆಕ್ಟ್‌ಗಳಲ್ಲಿ ಇನ್ನೊಂದು ಕೊಂಡಿ ಸೇರಿಕೊಳ್ಳುತ್ತದೆ: ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ಕ್ಕೆ ಗ್ರೇಡಲ್ 8.0 ಮತ್ತು ಜೆಡಿಕೆ 17 ಎರಡೂ ಬೇಕು. ಆದ್ದರಿಂದ ಆಂಡ್ರಾಯ್ಡ್ ಸ್ಟುಡಿಯೊ ಪ್ಲಗಿನ್ ಏರಿಸಲೇ ಎಂದು ಕೇಳಿದಾಗ, ಬಿಲ್ಡ್ ಸರ್ವರ್‌ನಲ್ಲಿರುವ ಜೆಡಿಕೆ ಯಾವುದೆಂದು ಮೊದಲು ನೋಡಿಕೊಳ್ಳಿ.

ಉಳಿದ ಕೆಲವು ಟೂಲ್‌ಗಳು

ಆಪಲ್‌ನ ಐಡಿಇಯಾದ ಎಕ್ಸ್‌ಕೋಡ್‌ನ ಪ್ರಾಜೆಕ್ಟ್ ಫೈಲ್‌ನಲ್ಲಿ ‘ಆಬ್ಜೆಕ್ಟ್ ವರ್ಶನ್’ ಎಂಬ ಸಾಲಿದೆ. ಎಕ್ಸ್‌ಕೋಡ್ 16ರಲ್ಲಿ ಹೊಸ ಪ್ರಾಜೆಕ್ಟ್ ಮಾಡಿದರೆ ಅಲ್ಲಿ 77 ಎಂದು ಬರುತ್ತದೆ ಮತ್ತು ಡಿಸ್ಕಿನ ಫೋಲ್ಡರನ್ನೇ ನೇರವಾಗಿ ಹಿಂಬಾಲಿಸುವ ಹೊಸ ಬಗೆಯ ಫೋಲ್ಡರ್‌ಗಳು ಬಳಕೆಯಾಗುತ್ತವೆ; ಎಕ್ಸ್‌ಕೋಡ್ 15 ಇಟ್ಟುಕೊಂಡವರಿಗೆ ಅದು ತೆರೆಯುವುದಿಲ್ಲ. ತಂಡದಲ್ಲಿ ಎರಡೂ ಆವೃತ್ತಿಗಳಿದ್ದರೆ ಆ ಫೋಲ್ಡರ್‌ಗಳನ್ನು ಸಾಮಾನ್ಯ ಗ್ರೂಪ್‌ಗಳಾಗಿ ಬದಲಿಸಿ, ಪ್ರಾಜೆಕ್ಟ್‌ನ ವಿವರ ತೋರಿಸುವ ಫಲಕದಲ್ಲಿ ‘ಪ್ರಾಜೆಕ್ಟ್ ಫಾರ್ಮ್ಯಾಟ್’ ಎಂಬಲ್ಲಿ ಹಳೆಯ ಸ್ವರೂಪವನ್ನು ಆರಿಸಿಕೊಳ್ಳಬೇಕು.

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಎನ್‌ಪಿಎಂನಲ್ಲಿ, ಪ್ಯಾಕೇಜ್‌ಗಳ ನಿಖರ ಆವೃತ್ತಿಗಳನ್ನು ದಾಖಲಿಸುವ ಲಾಕ್ ಫೈಲ್‌ನ ಸ್ವರೂಪವೇ ಬದಲಾಗುತ್ತ ಬಂದಿದೆ: 5 ಮತ್ತು 6ನೇ ಆವೃತ್ತಿಗಳು 1 ಎಂಬ ಸ್ವರೂಪವನ್ನೂ 7 ಮತ್ತು 8 ಆವೃತ್ತಿಗಳು 2ನ್ನೂ 9ರಿಂದ ಮುಂದಿನವು 3ನ್ನೂ ಬರೆಯುತ್ತವೆ. ಬೇರೆ ಬೇರೆ ಎನ್‌ಪಿಎಂ ಬಳಸುವ ಇಬ್ಬರು ಒಂದೇ ರೆಪಾಸಿಟರಿಯಲ್ಲಿ ಕೆಲಸ ಮಾಡಿದರೆ ಪ್ಯಾಕೇಜ್ ಒಂದೂ ಬದಲಾಗದೆ ಲಾಕ್ ಫೈಲ್‌ನ ಸಾವಿರಾರು ಸಾಲುಗಳು ಕಮಿಟ್‌ನಿಂದ ಕಮಿಟ್‌ಗೆ ಹೊರಳಾಡುತ್ತವೆ. ಬಿಲ್ಡ್ ಸರ್ವರ್‌ನಲ್ಲಿ ‘ಇನ್‌ಸ್ಟಾಲ್’ ಬದಲು ‘ಸಿಐ’ ಆದೇಶ ಬಳಸಿದರೆ ಲಾಕ್ ಫೈಲ್ ಮುಟ್ಟದೆ ಉಳಿಯುತ್ತದೆ. ಪ್ಯಾಕೇಜ್ ಫೈಲ್‌ನಲ್ಲಿ ಬೇಕಾದ ಆವೃತ್ತಿಯನ್ನು ‘ಎಂಜಿನ್ಸ್’ ಎಂದು ಬರೆದ ಮಾತ್ರಕ್ಕೆ ತಡೆ ಬೀಳುವುದಿಲ್ಲ, ಎಚ್ಚರಿಕೆಯಷ್ಟೇ ಬರುತ್ತದೆ. ತಡೆ ಬೇಕೆಂದರೆ ‘ಎಂಜಿನ್ ಸ್ಟ್ರಿಕ್ಟ್’ ಆಯ್ಕೆಯನ್ನೂ ಹಾಕಬೇಕು.

ಸಿ++ ಪ್ರಾಜೆಕ್ಟ್‌ಗಳ ಬಿಲ್ಡ್ ಸಿದ್ಧಪಡಿಸುವ ಸಿಮೇಕ್‌ನ 4.0 ಬಂದ ಮೇಲೆ, ಕನಿಷ್ಠ ಆವೃತ್ತಿ 3.5ಕ್ಕಿಂತ ಕಡಿಮೆ ಎಂದು ಬರೆದಿರುವ ಹಳೆಯ ಪ್ರಾಜೆಕ್ಟ್‌ಗಳು ಕಾನ್ಫಿಗರ್ ಹಂತದಲ್ಲೇ ನಿಂತುಬಿಡುತ್ತವೆ. ಹೆಚ್ಚಿನವುಗಳಲ್ಲಿ ಆ ಒಂದು ಸಾಲನ್ನು 3.5ರಿಂದ ಇಂಥ ಆವೃತ್ತಿಯವರೆಗೆ ಎಂಬ ವ್ಯಾಪ್ತಿಯಾಗಿ ತಿದ್ದಿದರೆ ಸಾಕಾಗುತ್ತದೆ. ಪೈಥಾನ್ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಮಾಡ್ಯೂಲನ್ನು ತೆಗೆದುಹಾಕಿರುವುದರಿಂದ ಹಳೆಯ ಸೆಟಪ್ ಸ್ಕ್ರಿಪ್ಟ್‌ಗಳಿಗೂ ಇಂಥದೇ ಗತಿ.

ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಂ ಇನ್ನೊಂದು ಲಿನಕ್ಸ್ ಯಂತ್ರದಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಎಂದು ನಿರಾಕರಿಸುವುದು ಸಾಮಾನ್ಯ ಅನುಭವ. 2021ರಲ್ಲಿ ಬಂದ ಆ ಆವೃತ್ತಿಯಲ್ಲಿ ಪ್ರೋಗ್ರಾಂ ಆರಂಭಿಸುವ ಫಂಕ್ಷನ್‌ಗೇ ಹೊಸ ಆವೃತ್ತಿ ಗುರುತು ಬಿದ್ದಿರುವುದರಿಂದ, ಕೋಡ್ ಎಷ್ಟೇ ಸರಳವಿದ್ದರೂ ಅದರ ಮೇಲೆ ಅಥವಾ ಅದಕ್ಕಿಂತ ಹೊಸದರ ಮೇಲೆ ಲಿಂಕ್ ಆದದ್ದು ಹಿಂದಿನ ಯಂತ್ರಗಳಲ್ಲಿ ಓಡುವುದಿಲ್ಲ. ಇದಕ್ಕೆ ಕೋಡ್‌ನಲ್ಲಿ ಪರಿಹಾರ ಹುಡುಕುವ ಬದಲು, ಬೆಂಬಲಿಸಬೇಕಾದ ಅತ್ಯಂತ ಹಳೆಯ ಲಿನಕ್ಸ್ ವಿತರಣೆಯ ಕಂಟೇನರ್‌ನೊಳಗೆ (ಪ್ರತ್ಯೇಕಿಸಿದ ಪರಿಸರದೊಳಗೆ) ಬಿಲ್ಡ್ ಮಾಡಿ.

ಏರಿಸುವ ಕ್ರಮ

ಆವೃತ್ತಿ ಏರಿಸಬೇಕೆಂದು ತಂಡ ನಿರ್ಧರಿಸಿದ ಮೇಲೆ, ಹಳೆಯ ಟೂಲ್‌ನಲ್ಲಿ ಬಿಲ್ಡ್ ಆಗಿ ಪರೀಕ್ಷೆಗಳೆಲ್ಲ ಪಾಸಾಗುವ ಕಮಿಟ್ ಒಂದಕ್ಕೆ ಟ್ಯಾಗ್ ಹಾಕಿ. ನಂತರ ಐಡಿಇ ಮಾತ್ರ ಹೊಸದಾಗಲಿ; ಟೂಲ್‌ಸೆಟ್, ಎಸ್‌ಡಿಕೆ, ಗುರಿ ಎಲ್ಲ ಹಳೆಯವೇ ಇರಲಿ. ಇದು ಸ್ಥಿರವಾದ ಮೇಲೆ ಟೂಲ್‌ಸೆಟ್ಟನ್ನು ಏರಿಸಿ, ಗುರಿಯನ್ನು ಮುಟ್ಟಬೇಡಿ. ಹೊಸ ಕಂಪೈಲರ್ ಹೊಸ ಎಚ್ಚರಿಕೆಗಳನ್ನು ಕೊಡುತ್ತದೆ. ಅವುಗಳನ್ನು ದೋಷವೆಂದೇ ಪರಿಗಣಿಸುವ ಆಯ್ಕೆ ಪ್ರಾಜೆಕ್ಟ್‌ನಲ್ಲಿದ್ದರೆ ಈ ಹಂತದ ಮಟ್ಟಿಗೆ ಅದನ್ನು ಸಡಿಲಿಸಿ, ಎಚ್ಚರಿಕೆಗಳನ್ನು ಬೇರೆ ಕಮಿಟ್‌ಗಳಲ್ಲಿ ಸರಿಪಡಿಸಿ. ಗುರಿ ರನ್‌ಟೈಮ್ ಏರಿಸುವುದು ಕೊನೆಯ ಹಂತ, ಏಕೆಂದರೆ ಅದು ತಂಡವನ್ನು ದಾಟಿ ಬಳಕೆದಾರರ ಯಂತ್ರಗಳಿಗೆ ತಟ್ಟುವಂಥದು. ಈ ಹಂತಗಳಲ್ಲಿ ಯಾವುದರೊಂದಿಗೂ ಕೋಡ್‌ನ ಬೇರೆ ಬದಲಾವಣೆ, ಅದು ಎಷ್ಟೇ ಚಿಕ್ಕದಿರಲಿ, ಒಂದೇ ಕಮಿಟ್‌ನಲ್ಲಿ ಸೇರಬಾರದು. ಸೇರಿದರೆ ದೋಷ ಹುಟ್ಟಿದ್ದು ಎಲ್ಲಿ ಎಂದು ಬೈಸೆಕ್ಟ್ ಮಾಡಿದರೂ (ಕಮಿಟ್‌ಗಳನ್ನು ಅರ್ಧಿಸುತ್ತ ಹುಡುಕಿದರೂ) ತಿಳಿಯುವುದಿಲ್ಲ. ಏರಿಕೆಯ ಅವಧಿಯಲ್ಲಿ ಬಿಲ್ಡ್ ಸರ್ವರ್ ಹಳೆಯ ಮತ್ತು ಹೊಸ ಟೂಲ್ ಎರಡರಿಂದಲೂ ಬಿಲ್ಡ್ ಮಾಡುತ್ತಿದ್ದರೆ, ಇನ್ನೂ ಏರಿಸದ ಸಹೋದ್ಯೋಗಿಗಳ ಕೆಲಸ ನಿಲ್ಲುವುದಿಲ್ಲ.

ಕೆಲವು ಪ್ರಾಜೆಕ್ಟ್‌ಗಳನ್ನು ಏರಿಸಲು ಆಗುವುದೇ ಇಲ್ಲ: ಲೈಬ್ರರಿ ಕೊಟ್ಟವರು ಈಗ ಇಲ್ಲ, ಮೂಲ ಕೋಡ್ ಸಿಗುವುದಿಲ್ಲ, ಆದರೂ ವರ್ಷಕ್ಕೊಮ್ಮೆ ಸಣ್ಣ ತಿದ್ದುಪಡಿ ಮಾಡಿಕೊಡಬೇಕು. ಅಂಥವಕ್ಕೆ ಹಳೆಯ ಆಪರೇಟಿಂಗ್ ಸಿಸ್ಟಂ ಮತ್ತು ಹಳೆಯ ಟೂಲ್ ಎರಡೂ ಇರುವ ವರ್ಚುವಲ್ ಮಷೀನ್ ಒಂದನ್ನು ಸಿದ್ಧಪಡಿಸಿ, ಅದರೊಳಗೆ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ ನೋಡಿ, ಅನಂತರ ಅದರ ಪ್ರತಿಯನ್ನು ತೆಗೆದಿಡುವುದೇ ಸರಿಯಾದ ಕ್ರಮ. ಜತೆಗೆ ಇನ್‌ಸ್ಟಾಲರ್‌ನ ಆಫ್‌ಲೈನ್ ಪ್ರತಿಯನ್ನೂ ಪರವಾನಗಿ ಕೀಲಿಯನ್ನೂ ಪ್ಯಾಕೇಜ್‌ಗಳ ಸ್ಥಳೀಯ ನಕಲನ್ನೂ ಅದೇ ಜಾಗದಲ್ಲಿ ಇಡಬೇಕು, ಏಕೆಂದರೆ ಹಳೆಯ ಇನ್‌ಸ್ಟಾಲರ್‌ಗಳು ಡೌನ್‌ಲೋಡ್‌ಗೆ ಸಂಪರ್ಕಿಸುವ ವಿಳಾಸಗಳು ಅಷ್ಟರಲ್ಲಿ ಮುಚ್ಚಿಹೋಗಿರಬಹುದು. ಆ ಮಷೀನ್‌ನ ನೆಟ್‌ವರ್ಕ್ ಸಂಪರ್ಕ ಕಡಿದು ಇನ್ನೊಮ್ಮೆ ಬಿಲ್ಡ್ ಮಾಡಿದರೆ, ತೆಗೆದಿಟ್ಟ ಪ್ರತಿಯಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದು ಆಗಲೇ ತಿಳಿಯುತ್ತದೆ.